ದವಡೆಯ ಕೀಲು ಮತ್ತು ದಂತವೈದ್ಯರು ತಲುಪದ ಸಮುದಾಯಗಳು

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದಾಗ ಚರ್ಮದಡಿಯಲ್ಲಿ ಹೊರಳಿ ಮುಂದಕ್ಕೆ ಜಾರುವ ಗಂಟು ಕೆಳದವಡೆಯ ಮೇಲ್ತುದಿ. ಅದು ಶಂಖಾಸ್ಥಿ ಎನಿಸಿಕೊಳ್ಳುವ, ಕಿವಿಯನ್ನು ಒಳಗೊಂಡ ತಲೆಯೆಲುಬಿನ ಗುಳಿಯಲ್ಲಿ ಕೂತು, ನಡುವೆ ತೆಳುವಾದ ನಾರಿನ ಬಿಲ್ಲೆಯೊಂದನ್ನು ಇರಿಸಿಕೊಂಡು, ಮಾತು, ಊಟ, ಆಕಳಿಕೆಗಳಲ್ಲಿ ದಿನಕ್ಕೆ ಸಾವಿರಾರು ಬಾರಿ ಚಲಿಸುತ್ತದೆ. ಮೈಯ ಬೇರೆ ಕೀಲುಗಳಿಗಿಲ್ಲದ ಎರಡು ಲಕ್ಷಣಗಳು ಇದಕ್ಕಿವೆ. ಎಡಬಲದ ಕೀಲುಗಳು ಒಂದೇ ಎಲುಬಿನ ಎರಡು ತುದಿಗಳಾದ್ದರಿಂದ ಒಂದು ಕೆಟ್ಟರೆ ಇನ್ನೊಂದರ ಚಲನೆಯೂ ಬದಲಾಗುತ್ತದೆ. ಅಲ್ಲದೆ ಬಾಯಿ ತೆರೆಯುವ ಮೊದಲ ಹಂತದಲ್ಲಿ ಬಾಗಿಲ ತಿರುಗಣಿಯಂತೆ ತಿರುಗುವ ಈ ಕೀಲು ಆಮೇಲೆ ಗುಳಿಯನ್ನು ಬಿಟ್ಟು ಮುಂದಿನ ಉಬ್ಬಿನ ಮೇಲೆ ಜಾರುತ್ತದೆ. ಈ ಕೀಲು, ಅದರ ಬಿಲ್ಲೆ, ಅಗಿಯಲು ಬಳಕೆಯಾಗುವ ಕೆನ್ನೆ ಮತ್ತು ಕಣತಲೆಯ ಸ್ನಾಯುಗಳು, ಇವುಗಳಲ್ಲಿ ಕಾಣಿಸಿಕೊಳ್ಳುವ ನೋವು, ಸದ್ದು, ಬಿಗಿತ, ಸಿಕ್ಕಿಬೀಳುವಿಕೆಗಳನ್ನೆಲ್ಲ ವೈದ್ಯಶಾಸ್ತ್ರ ದವಡೆ ಕೀಲಿನ ತೊಂದರೆಗಳು ಎಂಬ ಒಂದೇ ತಲೆಬರಹದಡಿ ಸೇರಿಸಿದೆ. ಹೀಗಾಗಿ ಇದು ಒಂದು ರೋಗವಲ್ಲ, ನೆರೆಹೊರೆಯ ಹಲವು ರೋಗಗಳ ಗುಂಪು ಎಂಬುದನ್ನು ಆರಂಭದಲ್ಲೇ ಹೇಳಬೇಕಾಗುತ್ತದೆ.

ದಂತವೈದ್ಯರ ಸೇವೆ ಅಪರೂಪವಾಗಿರುವ ಮೂಲನಿವಾಸಿ ಸಮುದಾಯಗಳಲ್ಲಿ ಈ ತೊಂದರೆಗಳು ಎಷ್ಟಿವೆ, ಏಕಿವೆ ಎಂಬ ಪ್ರಶ್ನೆಗೆ ಎರಡು ಸಲೀಸಾದ ಉತ್ತರಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ಗಟ್ಟಿ ಆಹಾರ ಅಗಿಯುವ, ದವಡೆ ಬಲವಾಗಿ ಬೆಳೆದ, ಹಲ್ಲಿನ ಸಾಲು ಓರಣವಾಗಿರುವ ಕಾಡಿನ ಜನರಿಗೆ ಇಂಥ ಕಾಯಿಲೆ ಇರುವುದಿಲ್ಲ, ಇದು ನಾಗರಿಕತೆಯ ಬಳುವಳಿ ಎಂಬುದು ಮೊದಲನೆಯದು. ಹಲ್ಲು ಹುಳುಕಾಗಿ ಉದುರಿ, ಅದನ್ನು ಸರಿಪಡಿಸುವವರಿಲ್ಲದೆ ಕಚ್ಚುವಿಕೆ ಕೆಟ್ಟು, ಅದರಿಂದ ಕೀಲು ಕೆಡುತ್ತದೆ, ಆದ್ದರಿಂದ ಅವರಲ್ಲಿ ಕಾಯಿಲೆ ಉಳಿದವರಿಗಿಂತ ಬಹಳ ಹೆಚ್ಚು ಎಂಬುದು ಎರಡನೆಯದು. ಕಳೆದ ಎಪ್ಪತ್ತು ಎಂಬತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಎರಡೂ ನಿಲ್ಲುವುದಿಲ್ಲ. ಎರಡೂ ಒಂದೇ ನಂಬಿಕೆಯ ಮೇಲೆ ನಿಂತಿವೆ: ಕೀಲಿನ ಆರೋಗ್ಯವನ್ನು ತೀರ್ಮಾನಿಸುವುದು ಹಲ್ಲುಗಳು ಒಂದಕ್ಕೊಂದು ಕೂಡುವ ಬಗೆ ಎಂಬ ನಂಬಿಕೆ.

ಆ ನಂಬಿಕೆಗೆ ಒಂದು ಇತಿಹಾಸವಿದೆ. ಅಮೆರಿಕದ ಕಿವಿ-ಗಂಟಲು ತಜ್ಞ ಜೇಮ್ಸ್ ಕಾಸ್ಟನ್ 1934ರಲ್ಲಿ ಕಿವಿನೋವು, ಕಿವಿಯೊಳಗಿನ ಗುಂಯ್‌ಗುಡುವಿಕೆ, ತಲೆನೋವುಗಳನ್ನು ಹಿಂದಿನ ಹಲ್ಲುಗಳ ನಷ್ಟಕ್ಕೂ ಅದರಿಂದ ಕೀಲಿನ ಮೇಲೆ ಬೀಳುವ ಒತ್ತಡಕ್ಕೂ ಗಂಟುಹಾಕಿ ವಿವರಿಸಿದ ಮೇಲೆ, ಕಿವಿ ವೈದ್ಯರ ಕೈಯಲ್ಲಿದ್ದ ನೋವು ದಂತವೈದ್ಯರ ಕೈಗೆ ಬಂತು. ಹಲ್ಲನ್ನು ಉಜ್ಜಿ, ಎತ್ತರಿಸಿ, ಕವಚ ತೊಡಿಸಿ ಕಚ್ಚುವಿಕೆಯನ್ನು ‘ಸರಿಪಡಿಸುವ’ ಚಿಕಿತ್ಸೆಗಳು ದಶಕಗಳ ಕಾಲ ನಡೆದವು. ಅದೇ ಕಾಲದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ದಂತವೈದ್ಯ ಜಗತ್ತಿನ ನಾನಾ ಮೂಲನಿವಾಸಿಗಳ ಬಾಯಿಗಳನ್ನು ನೋಡಿ ಬಂದು 1939ರಲ್ಲಿ ಪ್ರಕಟಿಸಿದ ಪುಸ್ತಕ, ಹಿಟ್ಟು-ಸಕ್ಕರೆ ಮುಟ್ಟದ ಜನರ ದವಡೆ ವಿಶಾಲವಾಗಿಯೂ ಹಲ್ಲು ಆರೋಗ್ಯವಾಗಿಯೂ ಇರುತ್ತದೆಂದು ಸಾರಿತು. ಆಸ್ಟ್ರೇಲಿಯದ ಅಡಿಲೇಡಿನ ದಂತಜೋಡಣಾ ತಜ್ಞ ಪಿ. ಆರ್. ಬೆಗ್ 1954ರಲ್ಲಿ, ಅಲ್ಲಿನ ಮೂಲನಿವಾಸಿಗಳ ಹಲ್ಲುಗಳು ಒರಟು ಆಹಾರದಿಂದ ಸವೆದು ಚಪ್ಪಟೆಯಾಗುವುದೇ ಮನುಷ್ಯನ ಸಹಜ ಸ್ಥಿತಿ, ಸವೆಯದ ಮೊನಚು ಹಲ್ಲುಗಳೇ ಅಸಹಜ ಎಂದು ವಾದಿಸಿದ. ಈ ಬರಹಗಳಲ್ಲಿ ನಿಜವಾದ ವೀಕ್ಷಣೆ ಬೇಕಾದಷ್ಟಿದೆ. ಆದರೆ ಇವೆಲ್ಲ ಹಲ್ಲನ್ನು ನೋಡಿದವೇ ಹೊರತು, ಆ ಜನರಿಗೆ ದವಡೆ ನೋಯುತ್ತದೆಯೇ ಎಂದು ವ್ಯವಸ್ಥಿತವಾಗಿ ಕೇಳಿದವಲ್ಲ.

ಹಾಗೆ ವ್ಯವಸ್ಥಿತವಾಗಿ ಕೇಳಿದ ಆರಂಭದ ಅಧ್ಯಯನಗಳಲ್ಲೊಂದು ಮೂಲನಿವಾಸಿಗಳ ನಡುವೆಯೇ ನಡೆಯಿತು ಎಂಬುದು ದಂತವೈದ್ಯ ವಿದ್ಯಾರ್ಥಿಗಳಿಗೂ ಅಷ್ಟಾಗಿ ಗೊತ್ತಿರದ ಸಂಗತಿ. ಕೀಲಿನ ತೊಂದರೆಯನ್ನು ಅಳೆಯಲು ಜಗತ್ತಿನಾದ್ಯಂತ, ಭಾರತದ ದಂತವೈದ್ಯ ಕಾಲೇಜುಗಳ ಪ್ರಬಂಧಗಳಲ್ಲಿ ಇಂದಿಗೂ, ಬಳಕೆಯಾಗುವ ಹೆಲ್ಕಿಮೊ ಸೂಚ್ಯಂಕ ಹುಟ್ಟಿದ್ದು ಫಿನ್ಲೆಂಡಿನ ಉತ್ತರ ತುದಿಯ ಸಾಮಿ ಜನರ ಅಧ್ಯಯನದಿಂದ. ಹಿಮಸಾರಂಗಗಳನ್ನು ಸಾಕಿ, ಮೀನು ಹಿಡಿದು ಬದುಕುತ್ತ ಬಂದ, ನಗರದ ಆಸ್ಪತ್ರೆಗಳಿಂದ ಬಹುದೂರವಿದ್ದ ಈ ಸಮುದಾಯದ 15ರಿಂದ 65 ವಯಸ್ಸಿನ 321 ಜನರನ್ನು ಮಾರ್ಟಿ ಹೆಲ್ಕಿಮೊ ಪರೀಕ್ಷಿಸಿ 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಯಿ ಎಷ್ಟು ತೆರೆಯುತ್ತದೆ, ಕೀಲು ಸದ್ದು ಮಾಡುತ್ತದೆಯೇ ಅಥವಾ ವಾಲುತ್ತದೆಯೇ, ಸ್ನಾಯುವನ್ನು ಒತ್ತಿದರೆ ನೋವೇ, ಕೀಲನ್ನು ಒತ್ತಿದರೆ ನೋವೇ, ಅಲ್ಲಾಡಿಸಿದರೆ ನೋವೇ ಎಂಬ ಐದು ಅಂಶಗಳಿಗೆ ತಲಾ 0, 1 ಅಥವಾ 5 ಅಂಕ ಕೊಟ್ಟು, ಒಟ್ಟು 25ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ತೀವ್ರವೆಂದು ಪರಿಗಣಿಸುವ ಸರಳ ಲೆಕ್ಕ ಅದು. ಈ ಅಧ್ಯಯನದಲ್ಲಿ ಸಾಮಿ ಜನರಲ್ಲಿ ನೂರಕ್ಕೆ 57 ಮಂದಿ ಏನಾದರೊಂದು ತೊಂದರೆಯನ್ನು ತಾವೇ ಹೇಳಿಕೊಂಡರು. ವೈದ್ಯರ ಪರೀಕ್ಷೆಯಲ್ಲಿ ಏನಾದರೊಂದು ಲಕ್ಷಣ ಕಂಡದ್ದು ನೂರಕ್ಕೆ 88 ಮಂದಿಯಲ್ಲಿ.

ಈ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಕಾಡಿನ, ಹಿಮದ ಜನರಿಗೆ ದವಡೆಯ ತೊಂದರೆ ಇರದು ಎಂಬ ಕಲ್ಪನೆ ಅಲ್ಲಿಗೇ ಮುರಿದುಬಿತ್ತು. ಆದರೆ ನೂರಕ್ಕೆ 88 ಮಂದಿ ರೋಗಿಗಳಾಗಿರುವ ಸಮಾಜವೊಂದು ಇದ್ದೀತೇ? ಒಂದು ಸಣ್ಣ ‘ಟಕ್’ ಸದ್ದು, ಬಾಯಿ ತೆರೆಯುವಾಗ ತುಸು ವಾಲುವಿಕೆ, ಒತ್ತಿದಾಗ ಮಾತ್ರ ಅರಿವಾಗುವ ನೋವು, ಇವೆಲ್ಲ ಲಕ್ಷಣಗಳ ಪಟ್ಟಿಗೆ ಸೇರಿದರೆ ಯಾವ ಊರಿನ, ಯಾವ ಜನಾಂಗದ ಬಹುಪಾಲು ಮಂದಿಯಾದರೂ ಆ ಪಟ್ಟಿಯಲ್ಲಿ ಇರುತ್ತಾರೆ. ಸದ್ದು ಬರುವ ಬಹುತೇಕ ಕೀಲುಗಳಲ್ಲಿ ಬಿಲ್ಲೆ ತುಸು ಮುಂದೆ ಸರಿದಿದ್ದು, ಬಾಯಿ ತೆರೆದಾಗ ತನ್ನ ಜಾಗಕ್ಕೆ ಬರುತ್ತದೆ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯ ಅಗತ್ಯವೇ ಇಲ್ಲ. ಅಮೆರಿಕದ ರಾಷ್ಟ್ರೀಯ ದಂತಸಂಶೋಧನಾ ಸಂಸ್ಥೆಯ ಅಂದಾಜಿನಂತೆ ಗಮನಾರ್ಹ ತೊಂದರೆ ಇರುವವರು ಜನಸಂಖ್ಯೆಯ ನೂರಕ್ಕೆ 5ರಿಂದ 12 ಮಾತ್ರ. ಮೂಲನಿವಾಸಿಗಳ ಬಗೆಗಿನ ಅನೇಕ ವರದಿಗಳು ಭಯ ಹುಟ್ಟಿಸುವಷ್ಟು ದೊಡ್ಡ ಸಂಖ್ಯೆಗಳನ್ನು ಮುಂದಿಡುವುದು ಲಕ್ಷಣವನ್ನೂ ರೋಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ. ಅಂಥ ವರದಿ ಕೈಗೆ ಬಂದಾಗ ಓದುಗರು ಮೊದಲು ನೋಡಬೇಕಾದದ್ದು ಶೇಕಡಾವಾರನ್ನಲ್ಲ, ಏನನ್ನು ಎಣಿಸಿದ್ದಾರೆ ಎಂಬುದನ್ನು.

ಈ ಗೊಂದಲವನ್ನು ಕಡಿಮೆ ಮಾಡಲೆಂದೇ 1992ರಲ್ಲಿ ಒಂದು ಸಂಶೋಧನಾ ಮಾನದಂಡವೂ, 2014ರಲ್ಲಿ ಅದರ ಪರಿಷ್ಕೃತ ರೂಪವಾದ ಡಿಸಿ/ಟಿಎಂಡಿ ಎಂಬ ಮಾನದಂಡವೂ ಬಂದವು. ಇವುಗಳ ವಿಶೇಷವೆಂದರೆ ಪರೀಕ್ಷೆಗೆ ಎರಡು ಅಕ್ಷಗಳಿರುವುದು: ಒಂದರಲ್ಲಿ ಕೀಲು ಮತ್ತು ಸ್ನಾಯುವಿನ ದೈಹಿಕ ಸ್ಥಿತಿ, ಇನ್ನೊಂದರಲ್ಲಿ ನೋವಿನಿಂದ ಬದುಕಿಗೆ ಆದ ಅಡ್ಡಿ, ಖಿನ್ನತೆ, ಆತಂಕ, ನಿದ್ದೆ, ಮೈಯ ಬೇರೆ ಕಡೆಯ ನೋವು. ಒತ್ತಿದಾಗ ಬರುವ ನೋವು ರೋಗಿಗೆ ಪರಿಚಿತವಾದ, ಕಳೆದ 30 ದಿನಗಳಲ್ಲಿ ಕಾಡಿದ ನೋವೇ ಆಗಿರಬೇಕೆಂಬ ಷರತ್ತನ್ನು ಸೇರಿಸಿದ್ದರಿಂದ ಸುಳ್ಳು ಎಣಿಕೆ ಬಹಳಷ್ಟು ತಗ್ಗಿತು. ಸ್ವೀಡನ್ನಿನ ಉತ್ತರ ಭಾಗದಲ್ಲಿ ಸಾಮಿ ಹೆಂಗಸರ ಬಗ್ಗೆ 2006ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳು ದವಡೆ ನೋವನ್ನು ಒಂಟಿಯಾಗಿ ನೋಡದೆ ತಲೆನೋವು ಮತ್ತು ಕುತ್ತಿಗೆ ನೋವಿನ ಜೊತೆ ನೋಡಿದವು. ಮೂರೂ ಒಬ್ಬರಲ್ಲೇ ಕೂಡಿಕೊಂಡು ಬರುವ ಪ್ರವೃತ್ತಿ ಅವುಗಳಲ್ಲಿ ಕಾಣಿಸಿತು. ಅಮೆರಿಕದಲ್ಲಿ 2006ರಿಂದ ಸಾವಿರಾರು ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಪೇರಾ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಹೊಸದಾಗಿ ದವಡೆ ನೋವು ಶುರುವಾಗುವುದನ್ನು ಮುನ್ಸೂಚಿಸಿದ್ದು ಹಲ್ಲಿನ ಜೋಡಣೆಗಿಂತ ಹೆಚ್ಚಾಗಿ ಮೈಯ ಬೇರೆ ನೋವುಗಳು, ಕೆಟ್ಟ ನಿದ್ದೆ, ಮಾನಸಿಕ ಒತ್ತಡ ಮತ್ತು ಗಾಯಗಳು.

ಹಾಗಾದರೆ ಗಟ್ಟಿ ಅಗಿತದ ಪಾತ್ರವೇನು? ಇದಕ್ಕೆ ಉತ್ತರ ಹುಡುಕಿದವರು ಬಹುಮಟ್ಟಿಗೆ ಎಲುಬುಗಳನ್ನು ಓದುವ ಮಾನವಶಾಸ್ತ್ರಜ್ಞರು. ಕೆನಡಾದ ಹಡ್ಸನ್ ಕೊಲ್ಲಿಯ ಸೌತಾಂಪ್ಟನ್ ದ್ವೀಪದಲ್ಲಿದ್ದ ಸಾಡ್ಲರ್ಮಿಯುಟ್ ಎಂಬ ಇನುಯಿಟ್ ಪಂಗಡ 1902-03ರ ಚಳಿಗಾಲದಲ್ಲಿ ಹೊರಗಿನಿಂದ ಬಂದ ಸೋಂಕಿಗೆ ಸಿಕ್ಕಿ ಬಹುತೇಕ ನಾಶವಾಯಿತು. ಅವರ ಅಸ್ಥಿಗಳನ್ನು ಅಧ್ಯಯನ ಮಾಡಿದ ಚಾರ್ಲ್ಸ್ ಮೆರ್ಬ್ಸ್ 1983ರ ಗ್ರಂಥದಲ್ಲಿ, ಹೆಂಗಸರ ದವಡೆ ಕೀಲಿನ ಸವೆತವನ್ನು ಅವರ ದಿನನಿತ್ಯದ ದುಡಿಮೆಗೆ ಜೋಡಿಸಿದರು. ಸೀಲ್ ಪ್ರಾಣಿಯ ತೊಗಲನ್ನು ಬೂಟು ಮತ್ತು ಅಂಗಿಗಳಿಗೆ ಹದಗೊಳಿಸಲು ಇನುಯಿಟ್ ಹೆಂಗಸರು ಅದನ್ನು ಗಂಟೆಗಟ್ಟಲೆ ಹಲ್ಲಿನಲ್ಲಿ ಅಗಿದು ಮೆದುಗೊಳಿಸುತ್ತಿದ್ದರು. ಹಲ್ಲು ಅವರಿಗೆ ಊಟದ ಸಾಧನವಷ್ಟೇ ಅಲ್ಲ, ಮೂರನೆಯ ಕೈಯೂ ಆಗಿತ್ತು. ಆಸ್ಟ್ರೇಲಿಯದ ಮೂಲನಿವಾಸಿಗಳ ಹಳೆಯ ತಲೆಬುರುಡೆಗಳನ್ನು ಪರಿಶೀಲಿಸಿದ ರಿಚರ್ಡ್ಸ್ ಮತ್ತು ಬ್ರೌನ್ 1981ರಲ್ಲಿ ಹಲ್ಲಿನ ತೀವ್ರ ಸವೆತಕ್ಕೂ ಕೀಲಿನ ಸವೆತಕ್ಕೂ ನಂಟಿರುವುದನ್ನು ತೋರಿಸಿದರು. ಅಂದರೆ ಬಲವಾದ ಅಗಿತ ಕೀಲನ್ನು ಕಾಪಾಡುತ್ತದೆಂಬ ಸರಳ ಮಾತಿಗೆ ಎಲುಬುಗಳು ಸಾಕ್ಷಿ ನುಡಿಯುವುದಿಲ್ಲ.

ಎಲುಬು ನೋವನ್ನು ಹೇಳುವುದಿಲ್ಲ ಎಂಬುದೂ ಅಷ್ಟೇ ನಿಜ. ಇಂದಿನ ಎಕ್ಸ್‌ರೇ ಮತ್ತು ಎಂಆರ್‌ಐ ಚಿತ್ರಗಳಲ್ಲಿ ಕೀಲು ಚಪ್ಪಟೆಯಾಗಿ ಸವೆದಿದ್ದರೂ ಆರಾಮವಾಗಿ ರೊಟ್ಟಿ ತಿನ್ನುವವರು, ಕೀಲು ನುಣುಪಾಗಿದ್ದರೂ ನೋವಿನಿಂದ ಗಂಜಿಗೆ ಇಳಿದವರು ಇಬ್ಬರೂ ಸಿಗುತ್ತಾರೆ. ಈ ಕೀಲಿನ ಮೇಲ್ಮೈಯಲ್ಲಿರುವುದು ಮೊಣಕಾಲಿನಲ್ಲಿರುವ ಗಾಜಿನಂಥ ಮೃದ್ವಸ್ಥಿಯಲ್ಲ, ನಾರಿನಂಶ ಹೆಚ್ಚಿರುವ ಮೃದ್ವಸ್ಥಿ. ಹೊರೆಗೆ ತಕ್ಕಂತೆ ಆಕಾರ ಬದಲಿಸಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಸವೆತವನ್ನು ಕಂಡಲ್ಲೆಲ್ಲ ರೋಗವೆನ್ನುವುದಕ್ಕಿಂತ, ಅದರಲ್ಲಿ ಒಂದು ಪಾಲು ಹೊಂದಾಣಿಕೆಯೆಂದು ತಿಳಿಯುವುದು ಲೇಸು.

ಬದುಕಿರುವ ಸಮುದಾಯವೊಂದರ ಬದಲಾವಣೆಯನ್ನು ಬಹುಕಾಲ ಹಿಂಬಾಲಿಸಿದ ದಾಖಲೆ ಆಸ್ಟ್ರೇಲಿಯದ ಯುಯೆಂಡುಮುವಿನದು. ನಾರ್ದರ್ನ್ ಟೆರಿಟರಿಯ ಮರುಭೂಮಿಯಂಚಿನಲ್ಲಿ 1946ರಲ್ಲಿ ಸರ್ಕಾರ ವಾರ್ಲ್ಪಿರಿ ಜನರಿಗಾಗಿ ಕಟ್ಟಿದ ಈ ನೆಲೆಗೆ ಅಡಿಲೇಡ್ ವಿಶ್ವವಿದ್ಯಾಲಯದ ದಂತವೈದ್ಯರು 1951ರಿಂದ ಸುಮಾರು ಎರಡು ದಶಕ ಕಾಲ ಹೋಗಿಬಂದು, ಅದೇ ಮಕ್ಕಳ ಹಲ್ಲಿನ ಸಾಲುಗಳನ್ನು ವರ್ಷ ವರ್ಷವೂ ಗಾರೆಯ ಅಚ್ಚಿನಲ್ಲಿ ಹಿಡಿದಿಟ್ಟರು. ಪಡಿತರದ ಹಿಟ್ಟು, ಸಕ್ಕರೆ ಬರುತ್ತಿದ್ದಂತೆ ಬೇಟೆಯ ಆಹಾರ ಹಿಂದೆ ಸರಿಯುತ್ತಿದ್ದ ಕಾಲವದು. ಅಲ್ಲಿನ ಹಲವರಲ್ಲಿ ಮೇಲ್ಸಾಲು ಕೆಳಸಾಲಿಗಿಂತ ಎಷ್ಟು ಅಗಲವೆಂದರೆ ಎರಡೂ ಪಕ್ಕದ ಹಲ್ಲುಗಳು ಏಕಕಾಲಕ್ಕೆ ಕೂಡುತ್ತಲೇ ಇರಲಿಲ್ಲ; ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆಯನ್ನು ಸರಿಸಿ ಅಗಿಯುತ್ತಿದ್ದರು. ಪಠ್ಯಪುಸ್ತಕದ ಲೆಕ್ಕದಲ್ಲಿ ದೋಷಪೂರ್ಣವಾದ ಈ ಕಚ್ಚುವಿಕೆಯೊಂದಿಗೆ ಜನ ಚೆನ್ನಾಗಿಯೇ ಉಂಡು ಬದುಕಿದ್ದರು. ಆಹಾರ ಮೆದುವಾದಂತೆ ದವಡೆ ಕಿರಿದಾಗಿ ಹಲ್ಲುಗಳು ಒತ್ತೊತ್ತಾಗುತ್ತವೆ ಎಂಬ ಮಾತನ್ನು ಅಮೆರಿಕದ ರಾಬರ್ಟ್ ಕೊರುಚಿನಿ ಭಾರತೀಯ ಸಹೋದ್ಯೋಗಿಗಳೊಂದಿಗೆ 1980ರ ದಶಕದಲ್ಲಿ ಚಂಡೀಗಢದ ಸುತ್ತಲ ಹಳ್ಳಿ ಮತ್ತು ಪೇಟೆಯ ಮಕ್ಕಳನ್ನು ಹೋಲಿಸಿ ಬೆಂಬಲಿಸಿದರು. ಅದು ಹಲ್ಲಿನ ಓರಣದ ವಿಚಾರ, ಕೀಲಿನ ನೋವಿನದಲ್ಲ.

ಎರಡನೆಯ ಸಲೀಸು ಉತ್ತರಕ್ಕೆ, ಎಂದರೆ ಹಲ್ಲು ಉದುರುವುದೇ ಕೀಲಿನ ಕೇಡಿಗೆ ಕಾರಣವೆಂಬುದಕ್ಕೆ, ಒಳ್ಳೆಯ ಪರೀಕ್ಷೆ ನಡೆದದ್ದು ಟಾಂಜಾನಿಯಾದಲ್ಲಿ. ಹುಳುಕು ಹಲ್ಲಿಗೆ ಕೀಳುವುದೊಂದೇ ಚಿಕಿತ್ಸೆಯಾಗಿದ್ದ, ಕೃತಕ ಹಲ್ಲು ಕಟ್ಟಿಸಿಕೊಳ್ಳುವ ಅನುಕೂಲವಿಲ್ಲದ ಜನರಲ್ಲಿ, ನೆದರ್ಲೆಂಡ್ಸಿನ ನೈಮೇಖನ್ ವಿಶ್ವವಿದ್ಯಾಲಯದವರ ಜೊತೆ ಅಲ್ಲಿನ ಸಂಶೋಧಕರು ನಡೆಸಿದ ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಿಂದಿನ ಕೆಲವು ದವಡೆಹಲ್ಲುಗಳು ಹೋದಮಾತ್ರಕ್ಕೆ ಕೀಲಿನ ತೊಂದರೆ ಹೆಚ್ಚುವುದಿಲ್ಲ. ಆದರೆ ಒಂದು ಪಕ್ಕದಲ್ಲಾಗಲಿ ಎರಡೂ ಪಕ್ಕದಲ್ಲಾಗಲಿ ಹಿಂದಿನ ಆಧಾರವೆಲ್ಲ ಕುಸಿದಾಗ ನೋವು ಮತ್ತು ಸದ್ದಿನ ಸಂಭವ ಏರುವಂತೆ ತೋರುತ್ತದೆ ಎಂಬುದು ಅದರ ಸಾರ. ಕಾಳಜಿ ಬೇಕಾದದ್ದು ಹಿಂದಿನ ಹಲ್ಲೆಲ್ಲ ಹೋದವರ ಬಗ್ಗೆ. ಒಂದೆರಡು ಹಲ್ಲು ಕಿತ್ತವರಿಗೆಲ್ಲ ಕೀಲು ಕೆಡುತ್ತದೆಂದು ಹೆದರಿಸುವುದಕ್ಕೆ ಆಧಾರವಿಲ್ಲ. ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ನೀಡುವ ಕರ್ನಾಟಕ ಸರ್ಕಾರದ ‘ದಂತಭಾಗ್ಯ’ ಯೋಜನೆ ಊಟದ ದೃಷ್ಟಿಯಿಂದಲೇ ಸಮರ್ಥನೀಯವಾದದ್ದು. ಅದಕ್ಕೆ ಕೀಲಿನ ನೆಪ ಬೇಕಿಲ್ಲ.

ದಂತಸೇವೆಯ ಕೊರತೆ ನಿಜವಾಗಿ ಕೊಲ್ಲುವುದು ಬೇರೆ ಕಡೆ. ಮಗು ಮರದಿಂದಲೋ ಜಗಲಿಯಿಂದಲೋ ಗದ್ದ ಅಡಿಯಾಗಿ ಬಿದ್ದಾಗ ಪೆಟ್ಟಿನ ಬಲ ಕೆಳದವಡೆಯ ಮೂಲಕ ಹಾದು ಕೀಲಿನ ಹತ್ತಿರದ ಸಣ್ಣ ಕುತ್ತಿಗೆಯಲ್ಲಿ ಎಲುಬನ್ನು ಮುರಿಯುತ್ತದೆ. ಗದ್ದದ ಗಾಯಕ್ಕೆ ಹೊಲಿಗೆ ಬೀಳುತ್ತದೆ, ಮುರಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಕೀಲಿನೊಳಗೆ ಸೋರಿದ ರಕ್ತ ಗಟ್ಟಿಯಾಗಿ, ನೋವಿಗೆ ಹೆದರಿ ಮಗು ಬಾಯಿ ಅಲ್ಲಾಡಿಸದೆ ಇರುವ ವಾರಗಳಲ್ಲಿ ಎಲುಬಾಗಿ ಮಾರ್ಪಟ್ಟು, ದವಡೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ. ಇದಕ್ಕೆ ಕೀಲು ಬೆಸುಗೆ ಎನ್ನಬಹುದು. ಕಿವಿಯ ಸೋಂಕು ಹತ್ತಿರದ ಕೀಲಿಗೆ ಹರಡುವುದೂ ಇದೇ ಗತಿಗೆ ತರಬಲ್ಲದು. ಶ್ರೀಮಂತ ದೇಶಗಳಲ್ಲಿ ಇದು ಈಗ ಅಪರೂಪವಾದರೂ, ಕಿವಿ ಸೋರುವ ಮಕ್ಕಳ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆ ಗಂಭೀರವೆಂದು ಗುರುತಿಸಿದ ನೂರಕ್ಕೆ 4ರ ಗೆರೆಯನ್ನು ಮೀರಿರುವ ಆಸ್ಟ್ರೇಲಿಯದ ಮೂಲನಿವಾಸಿ ನೆಲೆಗಳಂಥ ಕಡೆ ಮರೆಯಬಾರದ ಕಾರಣ. ಬೆಸೆದ ಕೀಲಿನ ಮಗು ಹಲ್ಲುಗಳ ಸಂದಿನಿಂದ ಗಂಜಿ ಹೀರುತ್ತದೆ, ಹಲ್ಲುಜ್ಜಲಾಗದೆ ಬಾಯೆಲ್ಲ ಹುಳುಕಾಗುತ್ತದೆ, ಕೆಳದವಡೆಯ ಬೆಳವಣಿಗೆ ನಿಂತು ಗದ್ದ ಕುತ್ತಿಗೆಯೊಳಗೆ ಅಡಗಿದಂತಾಗುತ್ತದೆ, ನಾಲಗೆ ಹಿಂದೆ ಸರಿದು ರಾತ್ರಿಯ ಉಸಿರಾಟ ಕಟ್ಟುತ್ತದೆ.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ಬೆಸೆದ ಎಲುಬನ್ನು ಕತ್ತರಿಸಿ ತೆಗೆದು, ನಡುವೆ ಕಣತಲೆಯ ಸ್ನಾಯುವಿನ ಪದರವೊಂದನ್ನು ಹಾಸಿ, ಬೆಳೆಯುವ ಮಕ್ಕಳಲ್ಲಿ ಪಕ್ಕೆಲುಬಿನ ತುಂಡನ್ನು ಕೂರಿಸುವ ಈ ಕೆಲಸವನ್ನು ಕರ್ನಾಟಕದ ದೊಡ್ಡ ದಂತವೈದ್ಯ ಕಾಲೇಜುಗಳು ಮಾಡುತ್ತವೆ. ಬಾಯಿ ತೆರೆಯದ ಮಗುವಿಗೆ ಅರಿವಳಿಕೆ ಕೊಡುವುದೇ ಮೊದಲ ಸಾಹಸ. ಮೂಗಿನ ಮೂಲಕ ಬೆಳಕಿನ ಕೊಳವೆ ಇಳಿಸಬಲ್ಲ ಪರಿಣತರು ಬೇಕು. ಆದರೆ ಗೆಲುವು ತೀರ್ಮಾನವಾಗುವುದು ಶಸ್ತ್ರಕ್ರಿಯೆಯ ಕೊಠಡಿಯಲ್ಲಲ್ಲ, ಆಮೇಲಿನ ಆರು ತಿಂಗಳು, ಒಂದು ವರ್ಷದಲ್ಲಿ. ಹಲ್ಲುಗಳ ನಡುವೆ ಐಸ್‌ಕ್ರೀಮಿನ ಕಡ್ಡಿಯಂಥ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ದಿನಕ್ಕೆ ಹಲವು ಬಾರಿ ಬಾಯಿ ತೆರೆಸಿ, ಕೆಲವು ದಿನಗಳಿಗೊಮ್ಮೆ ಇನ್ನೊಂದು ಕಡ್ಡಿ ಸೇರಿಸುತ್ತ ಹೋಗಬೇಕು. ಅಳುವ ಮಗುವಿನೊಡನೆ ಈ ಹಟ ಹಿಡಿಯುವವರು ತಾಯಂದಿರು. ಬಿಟ್ಟರೆ ಕೀಲು ಮತ್ತೆ ಬೆಸೆಯುತ್ತದೆ. ಗಿರಿಜನರ ಹಾಡಿಯಿಂದ ಬಸ್ಸು ಸಿಗುವ ಊರಿಗೆ ನಡೆದು, ಅಲ್ಲಿಂದ ಮೈಸೂರಿಗೋ ಮಂಗಳೂರಿಗೋ ಹೋಗಿ ಬರುವ ಒಂದು ದಿನಕ್ಕೆ ಒಂದು ದಿನದ ಕೂಲಿ ಹೋಗುವ ಕುಟುಂಬ ಮೂರನೆಯ ತಪಾಸಣೆಗೆ ಬಾರದಿದ್ದರೆ ಅದನ್ನು ‘ರೋಗಿಯ ಅಸಹಕಾರ’ ಎಂದು ದಾಖಲಿಸುವುದು ಆಸ್ಪತ್ರೆಗಳ ರೂಢಿ. ಅದು ತಪ್ಪು ರೂಢಿ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುವುದು ಅಡಿಕೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ಈ ರಾಜ್ಯದಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಕಡ್ಡಿಪುಡಿಗಳ ರೂಢಿ ಗಿರಿಜನರಲ್ಲೂ ಇದೆ, ಅವರ ಸುತ್ತಲಿನ ಗ್ರಾಮಸ್ಥರಲ್ಲೂ ಇದೆ. ಅದರ ಮೇಲೆ ಪಾಕೀಟಿನ ಗುಟ್ಕಾ, ಪಾನ್‌ಮಸಾಲೆಗಳು ಬಂದು ಕೂತಿವೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸಸ್ಯಕ್ಷಾರ ಬಾಯಿಯ ಒಳಪೊರೆಯ ಅಡಿಯಲ್ಲಿ ನಾರಿನ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಟ್ಯಾನಿನ್ನುಗಳು ಆ ನಾರು ಕರಗದಂತೆ ಮಾಡುತ್ತವೆ, ತಾಮ್ರದ ಅಂಶ ಅದನ್ನು ಇನ್ನಷ್ಟು ಬಿಗಿಯಾಗಿ ಹೆಣೆಯುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿ, ಬೆರಳಿಗೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ, ಬಾಯಿ ತೆರೆಯುವುದು ಕ್ರಮೇಣ ಕುಗ್ಗುತ್ತದೆ. ಪೂರ್ವ ಆಫ್ರಿಕದ ಭಾರತೀಯ ಮೂಲದ ಹೆಂಗಸರಲ್ಲಿ 1952ರಲ್ಲಿ ಗುರುತಿಸಿ, ಮರುವರ್ಷ ಮುಂಬಯಿಯ ಎಸ್. ಜಿ. ಜೋಶಿ ವಿವರಿಸಿದ ಈ ಕಾಯಿಲೆ ಕೀಲಿನದಲ್ಲ. ಆದರೆ ‘ಬಾಯಿ ಬಿಡಲಾಗುತ್ತಿಲ್ಲ’ ಎಂದು ಬಂದವರನ್ನು ಕೀಲಿನ ರೋಗಿ ಎಂದುಕೊಂಡು ನೋವಿನ ಮಾತ್ರೆ ಕೊಟ್ಟು ಕಳಿಸುವುದು ಸಾಮಾನ್ಯ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದಾಗ ನೂರಕ್ಕೆ 7.6 ಮಂದಿಯಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತು ಎಂಬುದನ್ನು ನೆನೆದರೆ ಈ ತಪ್ಪಿನ ಬೆಲೆ ಅರ್ಥವಾಗುತ್ತದೆ.

ಎರಡನ್ನೂ ಬೇರ್ಪಡಿಸಲು ದುಬಾರಿ ಯಂತ್ರ ಬೇಕಿಲ್ಲ. ವಯಸ್ಕರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರಿಗಿಂತ ಹೆಚ್ಚು ತೆರೆಯುತ್ತದೆ. ಅವರದೇ ಮೂರು ಬೆರಳು ನೆಟ್ಟಗೆ ಮುಂಬಲ್ಲುಗಳ ನಡುವೆ ಹಿಡಿಯಬೇಕು. ಹಿಡಿಯದಿದ್ದರೆ ಕೆನ್ನೆಯ ಒಳಗೆ ಬೆರಳಾಡಿಸಿ ಪಟ್ಟಿಗಳನ್ನು ಹುಡುಕಬೇಕು. ಪಟ್ಟಿಯಿಲ್ಲದೆ, ದವಡೆ ಒಂದು ಪಕ್ಕಕ್ಕೆ ವಾಲಿ, ಹಿಂದೆಂದೋ ಬರುತ್ತಿದ್ದ ಸದ್ದು ಒಂದು ದಿನ ನಿಂತು ಬಾಯಿ ಕಟ್ಟಿಕೊಂಡಿದ್ದರೆ ಅದು ಸರಿದ ಬಿಲ್ಲೆ ಮರಳದೆ ಅಡ್ಡಗಟ್ಟಿದ ಕೀಲು. ಜ್ವರ, ಊತ ಇದ್ದರೆ ಹಲ್ಲಿನ ಕೀವು. ಮೈಯೆಲ್ಲ ಸೆಟೆಯುತ್ತಿದ್ದರೆ ಧನುರ್ವಾಯು, ತಡಮಾಡುವಂತಿಲ್ಲ. ಆಕಳಿಸಿ ಬಾಯಿ ತೆರೆದೇ ನಿಂತರೆ ಅದು ಜಾರಿದ ಕೀಲು: ಬಟ್ಟೆ ಸುತ್ತಿದ ಎರಡು ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಕೆಳಕ್ಕೂ ಹಿಂದಕ್ಕೂ ಒತ್ತಿದರೆ ಅದು ಮರಳಿ ಕೂರುತ್ತದೆ. ಸುಮಾರು 3,600 ವರ್ಷ ಹಳೆಯ ಈಜಿಪ್ಟಿನ ವೈದ್ಯಕೀಯ ಸುರುಳಿಯಲ್ಲೇ ಇದೇ ಬಗೆಯ ಕ್ರಮದ ವಿವರಣೆಯಿದೆ. ಆದರೂ ಇದಕ್ಕಾಗಿ ಜಿಲ್ಲಾ ಆಸ್ಪತ್ರೆಯವರೆಗೆ ಬಾಯಿ ತೆರೆದುಕೊಂಡೇ ಹೋಗಬೇಕಾದವರಿದ್ದಾರೆ.

ಉಳಿದ, ಸಂಖ್ಯೆಯಲ್ಲಿ ಅತಿ ದೊಡ್ಡದಾದ ಗುಂಪು ಸ್ನಾಯುವಿನ ನೋವಿನದು. ಇಲ್ಲಿ ನೆಲದಿಂದ ಬಿಡಿಸಲ್ಪಟ್ಟ ಜನರ ಮಾನಸಿಕ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗತಿಯಿಲ್ಲ. ಕೆನಡಾದ ವಸತಿಶಾಲೆಗಳಿಗೆ ಮಕ್ಕಳನ್ನು ಕಳೆದುಕೊಂಡ ಸಮುದಾಯಗಳಿರಲಿ, ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರಿರಲಿ, ಒತ್ತಡ ಅವರ ಮೈಯಲ್ಲಿ ಎಲ್ಲಿ ಕೂತಿದೆಯೆಂದು ಕೇಳಬೇಕಾದದ್ದೇ. ಆದರೆ ಕೇಳುವ ಪ್ರಶ್ನಾವಳಿಗಳು ಸಂಬಳದ ನೌಕರರಿಗಾಗಿ ತಯಾರಾದವು. ‘ಕಳೆದ ಆರು ತಿಂಗಳಲ್ಲಿ ನೋವಿನಿಂದ ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ’ ಎಂದು ಕೇಳಿದರೆ, ಹೋಗದಿದ್ದರೆ ಅಂದು ಒಲೆ ಉರಿಯದ ಕಾಫಿ ತೋಟದ ಕೂಲಿಯಾಳು ‘ಒಂದು ದಿನವೂ ಇಲ್ಲ’ ಎನ್ನುತ್ತಾಳೆ, ನೋವು ಸೌಮ್ಯವೆಂಬ ಖಾನೆಗೆ ಸೇರುತ್ತದೆ.

ಚಿಕಿತ್ಸೆಯ ವಿಚಾರದಲ್ಲಿ ಒಂದು ಸಮಾಧಾನವಿದೆ: ಬಡ ಸಮುದಾಯಗಳು ತಪ್ಪಿಸಿಕೊಂಡದ್ದರಲ್ಲಿ ಒಂದು ಪಾಲು ತಪ್ಪಿಸಿಕೊಳ್ಳಬೇಕಾದದ್ದೇ ಆಗಿತ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ಬಿಲ್ಲೆಯ ಜಾಗದಲ್ಲಿ ಕೂರಿಸಿದ ಟೆಫ್ಲಾನ್ ತುಂಡುಗಳು ಚೂರಾಗಿ ಸುತ್ತಲ ಎಲುಬನ್ನೇ ತಿಂದುಹಾಕಿ, 1990ರ ದಶಕದ ಆರಂಭದಲ್ಲಿ ಅವನ್ನು ಹಿಂತೆಗೆಯಬೇಕಾಯಿತು. ಕಚ್ಚುವಿಕೆ ಸರಿಪಡಿಸಲು ಹಲ್ಲು ಉಜ್ಜಿಸಿಕೊಂಡವರಿಗೆ ಹಲ್ಲು ಮರಳಿ ಬರಲಿಲ್ಲ. 2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ದೀರ್ಘಕಾಲದ ದವಡೆ ನೋವಿಗೆ ಬಲವಾಗಿ ಶಿಫಾರಸು ಮಾಡಿದ್ದು ದವಡೆಯ ವ್ಯಾಯಾಮ, ಕೈಯಿಂದ ಸ್ನಾಯು ಮತ್ತು ಕೀಲನ್ನು ಸಡಿಲಿಸುವುದು, ಭಂಗಿಯ ತಿದ್ದುಪಡಿ, ನೋವನ್ನು ನಿಭಾಯಿಸುವ ಮಾತಿನ ಚಿಕಿತ್ಸೆ, ತಿಳಿವಳಿಕೆ ಇಂಥವನ್ನು; ಹಲ್ಲಿನ ಮೇಲೆ ಶಾಶ್ವತವಾಗಿ ಕೂರಿಸುವ ಕವಚ ಮತ್ತು ಬಿಲ್ಲೆ ತೆಗೆಯುವ ಶಸ್ತ್ರಕ್ರಿಯೆಗಳಿಗೆ ಅದು ಬಲವಾಗಿಯೇ ವಿರುದ್ಧವಾಗಿದೆ. ಶಿಫಾರಸಾದ ಯಾವುದಕ್ಕೂ ದಂತವೈದ್ಯರ ಕುರ್ಚಿ ಬೇಕಿಲ್ಲ. ಕಲಿತ ಕೈ ಮತ್ತು ಕೂತು ಮಾತಾಡುವ ಸಮಯ ಬೇಕು.

ಆ ಕೈ ಯಾರದಾಗಬಹುದೆಂಬುದಕ್ಕೆ ಅಲಾಸ್ಕ ಒಂದು ಮಾದರಿ ಕೊಟ್ಟಿದೆ. ವಿಮಾನದಿಂದ ಮಾತ್ರ ತಲುಪಬಹುದಾದ ಹಳ್ಳಿಗಳಿಗೆ ದಂತವೈದ್ಯರು ಬಾರದಿದ್ದಾಗ, ಅಲ್ಲಿನ ಮೂಲನಿವಾಸಿ ಆರೋಗ್ಯ ಸಂಸ್ಥೆಗಳು ತಮ್ಮದೇ ಯುವಕ ಯುವತಿಯರನ್ನು 2003ರಲ್ಲಿ ನ್ಯೂಜಿಲೆಂಡಿಗೆ ಕಳಿಸಿ, ಆ ದೇಶ 1921ರಿಂದ ನಡೆಸುತ್ತಿದ್ದ ಶಾಲಾ ದಂತದಾದಿಯರ ಪರಂಪರೆಯಲ್ಲಿ ತರಬೇತಿ ಕೊಡಿಸಿದವು. ದಂತವೈದ್ಯರ ಸಂಘ ನ್ಯಾಯಾಲಯದ ಮೆಟ್ಟಿಲೇರಿದರೂ 2007ರಲ್ಲಿ ರಾಜಿಯಾಗಿ ಅವರ ಕೆಲಸ ಮುಂದುವರಿಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಪೋಡುಗಳ ನಡುವೆ ಸಮುದಾಯದವರನ್ನೇ ಆರೋಗ್ಯ ಕೆಲಸಕ್ಕೆ ತೊಡಗಿಸಿದ ಕ್ರಮವೂ ಇದೇ ಜಾಡಿನದು. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿದ್ದು, ಅವುಗಳಲ್ಲಿ ದೊಡ್ಡ ಪಾಲು ಕರ್ನಾಟಕದಲ್ಲೇ ಇರುವಾಗ ಕೊರತೆ ವೈದ್ಯರದಲ್ಲ, ಹಂಚಿಕೆಯದು.

ಸ್ವೀಡನ್ನಿನ ವೆಸ್ಟರ್‌ಬಾಟನ್ ಪ್ರಾಂತದಲ್ಲಿ 2010ರಿಂದ ಪ್ರತಿ ದಂತ ತಪಾಸಣೆಯಲ್ಲೂ ಮೂರೇ ಪ್ರಶ್ನೆ ಕೇಳಲಾಗುತ್ತಿದೆ: ವಾರಕ್ಕೊಮ್ಮೆಯಾದರೂ ಕಣತಲೆ, ಮುಖ, ದವಡೆ ನೋಯುತ್ತದೆಯೇ, ಬಾಯಿ ತೆರೆದಾಗ ಅಥವಾ ಅಗಿದಾಗ ವಾರಕ್ಕೊಮ್ಮೆಯಾದರೂ ನೋಯುತ್ತದೆಯೇ, ದವಡೆ ವಾರಕ್ಕೊಮ್ಮೆಯಾದರೂ ಸಿಕ್ಕಿಕೊಳ್ಳುತ್ತದೆಯೇ. ಇವಕ್ಕೆ ಮೂರು ಬೆರಳಿನ ಪರೀಕ್ಷೆಯನ್ನೂ, ಕೆನ್ನೆಯೊಳಗಿನ ಪಟ್ಟಿಯ ಹುಡುಕಾಟವನ್ನೂ, ಗದ್ದಕ್ಕೆ ಪೆಟ್ಟುಬಿದ್ದ ಪ್ರತಿ ಮಗುವಿನ ಬಾಯಿಯನ್ನು ಎರಡು ವಾರದ ನಂತರ ಮತ್ತೊಮ್ಮೆ ಅಳೆಯುವ ನಿಯಮವನ್ನೂ ಸೇರಿಸಿದರೆ, ಹಾಡಿ ಮತ್ತು ಪೋಡುಗಳಿಗೆ ಹೋಗುವ ಆಶಾ ಕಾರ್ಯಕರ್ತೆಗೆ ಅರ್ಧ ದಿನದ ತರಬೇತಿಯಲ್ಲಿ ಕಲಿಸಬಹುದಾದಷ್ಟೇ ಕೆಲಸ ಅದು. ಸಂಚಾರಿ ಆರೋಗ್ಯ ಘಟಕಗಳ ತಪಾಸಣಾ ಪಟ್ಟಿಗೆ ಈ ಕೆಲವು ಸಾಲುಗಳನ್ನು ಆರೋಗ್ಯ ಇಲಾಖೆ ಸೇರಿಸಬೇಕು. ಶಸ್ತ್ರಚಿಕಿತ್ಸೆಯಾದ ಮಗುವಿನ ಮುಂದಿನ ತಪಾಸಣೆಗಳು ಮೈಸೂರಿನಲ್ಲಲ್ಲ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆಯುವಂತೆಯೂ ನೋಡಿಕೊಳ್ಳಬೇಕು.